ಕಾಲ್ಚೀಲದ ಬಸವ್ವನ ಒಡಪು

ಕಾಲ್ಚೀಲದ ತುದಿಯನ್ನು ಯಾರು ಹೊಲಿಯುತ್ತಾರೆ ಎಂದು ನೀವು ಯಾವತ್ತಾದರೂ ಯೋಚಿಸಿದ್ದೀರಾ? ಯಂತ್ರ ಚೀಲವನ್ನು ಕೊಳವೆಯ ಹಾಗೆ ಹೆಣೆದು ಉಗುಳಿಬಿಡುತ್ತದೆ. ಬೆರಳಿನ ಕಡೆ ಅದರ ಬಾಯಿ ತೆರೆದೇ ಇರುತ್ತದೆ. ಆ ಬಾಯಿ ಮುಚ್ಚುವುದಕ್ಕೆ ಒಂದು ಜೀವ ಕೂತುಕೊಂಡು ಕೈ ಆಡಿಸಬೇಕು. ನಾರ್ತ್ ಕ್ಯಾರೊಲಿನಾದ ಬರ್ಲಿಂಗ್ಟನ್ ಹತ್ತಿರ ಒಂದು ಮಿಲ್ಲಿನಲ್ಲಿ ಹನ್ನೊಂದು ವರ್ಷ ಹಾಗೆ ಕೂತವಳು ಗುಳೇದಗುಡ್ಡದ ಬಸವ್ವ. ಎಷ್ಟು ಸಾವಿರ ಚೀಲಗಳ ಬಾಯಿ ಮುಚ್ಚಿದಳೋ ಅವಳಿಗೇ ಗೊತ್ತಿಲ್ಲ. ತನ್ನ ಬಾಯಿಯನ್ನು ಮಾತ್ರ ಯಾರು ಹೇಳಿದರೂ ಮುಚ್ಚಿದವಳಲ್ಲ.

ಅವಳನ್ನು ಅಮೆರಿಕಕ್ಕೆ ಕರೆಸಿಕೊಂಡವನು ಅಣ್ಣ ಕರಬಸಪ್ಪ, ಅದೇ ರಾಜ್ಯದ ಕ್ಯಾರಿ ಊರಿನಲ್ಲಿ ದೊಡ್ಡ ಡಾಕ್ಟರು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಸತ್ತು ತವರಿಗೆ ಬಂದಿದ್ದ ತಂಗಿಗೆ ಕಾಗದಪತ್ರ ಮಾಡಿಸಿ ೧೯೮೧ರಲ್ಲಿ ಕರೆಸಿದ. ಅದು ಅವನ ದೊಡ್ಡ ಗುಣವೇ. ಆದರೆ ಅವನ ಹೆಂಡತಿ ಗಂಗಾಂಬಿಕಾ ಆಗ ಆಸ್ಪತ್ರೆಯಲ್ಲಿ ಪಾಳಿ ಮಾಡುತ್ತಿದ್ದಳು, ಮಗಳು ಸೌಮ್ಯಾಗೆ ಒಂಬತ್ತು ವರ್ಷ. ಬಸವ್ವ ಬಂದ ಮರುದಿನವೇ ಒಲೆ ಅವಳ ಕೈಗೆ ಬಂತು. ಆರು ವರ್ಷ ರೊಟ್ಟಿ ಬಡಿದಳು, ಸೌಮ್ಯಾಳ ತಲೆ ಬಾಚಿದಳು, ಸ್ಕೂಲ್ ಬಸ್ಸಿಗೆ ಕಾದು ನಿಂತಳು. ಏಳನೇ ವರ್ಷ ಒಂದು ದಿನ, "ಅಣ್ಣಾ, ನಾ ಕೆಲಸಕ್ಕ ಹೊಂಟೀನಿ" ಎಂದವಳು ಮಿಲ್ಲಿನ ಹತ್ತಿರ ಒಂದು ಕೋಣೆ ಹಿಡಿದಳು. ಕಾರು ಓಡಿಸಲು ಕಲಿತಳು. ಪರೀಕ್ಷೆ ಬರೆದು ಈ ದೇಶದ ಪ್ರಜೆಯೂ ಆದಳು.

ಅಷ್ಟರ ಮಟ್ಟಿಗೆ ಅಣ್ಣನಿಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ೧೯೯೬ರಲ್ಲಿ. ಊರಿಗೆ ಹೋದ ಬಸವ್ವ ಕಲ್ಮೇಶನನ್ನು ಉಡಿಕೆ ಮಾಡಿಕೊಂಡು ಬಂದಳು. ಗಂಡ ಸತ್ತವಳು ಮತ್ತೆ ಮದುವೆಯಾಗುವ ಪದ್ಧತಿ ಅದು. ಬಾಜಾ ಇಲ್ಲ, ಬಾಸಿಂಗ ಇಲ್ಲ, ನಾಲ್ಕು ಮಂದಿ ಹಿರಿಯರ ಮುಂದೆ ತಾಳಿ ಕಟ್ಟಿ ಊಟ ಹಾಕಿದರೆ ಮುಗಿಯಿತು. ಕಲ್ಮೇಶ ಹೆಂಡತಿ ತೀರಿದ ನೇಕಾರ. ರವಿಕೆಗೆ ಬೇಕಾದ ಖಣ ನೇಯುವವನು. ಬಸವ್ವ ಕಾಲ್ಚೀಲದ ಕತೆ ಹೇಳಿದಾಗ ಎಲ್ಲರೂ ನಕ್ಕಿದ್ದರು; ಅವನೊಬ್ಬ, "ನೂಲು ಯಾವುದು ಹಾಕ್ತಾರ?" ಎಂದು ಕೇಳಿದ್ದ. ಬಸವ್ವನಿಗೆ ಅಷ್ಟು ಸಾಕಾಯಿತು.

ಕಲ್ಮೇಶನನ್ನು ಕರೆಸಲು ಅರ್ಜಿ ಹಾಕಿ ಎರಡು ವರ್ಷ ಕಾದಳು. ೧೯೯೮ರ ಫೆಬ್ರವರಿಯಲ್ಲಿ ಮಿಲ್ಲಿನ ಬಾಗಿಲಿಗೆ ಕೀಲಿ ಬಿತ್ತು. ಯಂತ್ರಗಳನ್ನು ಲಾರಿಗೆ ಹೇರಿ ಮೆಕ್ಸಿಕೋಗೆ ಕಳಿಸಿದರು. ಮಾರ್ಚಿನಲ್ಲಿ ಸರ್ಕಾರದ ದಪ್ಪ ಲಕೋಟೆ ಬಂತು. ಅದರಲ್ಲಿ ಮೂರು ತಿಂಗಳ ಹಿಂದಷ್ಟೇ ಹೊಸದಾಗಿ ಜಾರಿಗೆ ಬಂದ ಒಂದು ಫಾರ್ಮು. ಗಂಡನನ್ನು ಕರೆಸುವವಳು ಅವನನ್ನು ಸಾಕುವಷ್ಟು ವರಮಾನ ತೋರಿಸಬೇಕು. ತೋರಿಸದಿದ್ದರೆ ವೀಸಾ ಇಲ್ಲ.

ಎರಡು ವರ್ಷ ಕೆಲಸವಿದ್ದಾಗ ಕೇಳದವರು ಕೆಲಸ ಹೋದ ಮುಂದಿನ ತಿಂಗಳು ಕೇಳಿದರು.

ಬಸವ್ವ ಮೊದಲು ಹೋದದ್ದು ಒಂದು ಚರ್ಚಿನ ನೆಲಮಾಳಿಗೆಗೆ. ಅಲ್ಲಿ ಗುರುವಾರಕ್ಕೊಮ್ಮೆ ವಕೀಲರು ಪುಕ್ಕಟೆ ಸಲಹೆ ಕೊಡುತ್ತಿದ್ದರು. ಕನ್ನಡಕದ ವಕೀಲಮ್ಮ ಫಾರ್ಮು ತಿರುವಿ, ನಿಧಾನವಾಗಿ ಬಿಡಿಸಿ ಹೇಳಿದಳು: ಕೆಲಸವಿಲ್ಲದಿದ್ದರೂ ಸಹಿ ನೀನೇ ಮಾಡಬೇಕು, ಅದಕ್ಕೆ ಅಡ್ಡಿಯಿಲ್ಲ. ವರಮಾನವಿರುವ ಇನ್ನೊಬ್ಬರು ನಿನ್ನ ಜೊತೆಗೆ ಸಹಿ ಮಾಡಿದರೆ ಆಯಿತು. ಆದರೆ ಹಾಗೆ ಸಹಿ ಮಾಡಿದವರು ಕಾನೂನಿನ ಪ್ರಕಾರ ಹೊಣೆ.

ಬಸವ್ವನಿಗೆ ಬೇಕಾದದ್ದು ಇನ್ನೊಂದು ಸಹಿ, ಅಷ್ಟೇ. ಮಾತು ಮಾತ್ರ ಅವಳಿಗಿಂತ ಮುಂಚೆ ಕ್ಯಾರಿ ತಲುಪಿತು. ಅಲ್ಲಿಯ ದಿನಸಿ ಅಂಗಡಿಯಲ್ಲಿ ಅವಳು ಜೋಳದ ಹಿಟ್ಟಿನ ಚೀಲ ಎತ್ತಿಕೊಳ್ಳುವಾಗ ಅಂಗಡಿಯ ಹರಿಪ್ರಸಾದ ಗಲ್ಲಾ ಬಿಟ್ಟು ಹತ್ತಿರ ಬಂದ. ಮೈಸೂರಿನವನು, ಮೆತ್ತಗೆ ಮಾತಾಡುತ್ತಾನೆ.

"ಬಸವ್ವನವ್ರೇ, ತಲೆ ಕೆಡಿಸ್ಕೋಬೇಡಿ. ನೀವು ನನ್ ಅಂಗಡೀಲಿ ಮ್ಯಾನೇಜರ್ ಅಂತ ಒಂದು ಲೆಟರ್ ಟೈಪ್ ಮಾಡಿಕೊಡ್ತೀನಿ. ಎಷ್ಟೋ ಜನಕ್ಕೆ ಕೊಟ್ಟಿದೀನಿ. ಯಾರು ಬಂದು ಚೆಕ್ ಮಾಡ್ತಾರೆ?"

"ಮ್ಯಾನೇಜರ್ರಾ?"

"ಫುಲ್ ಟೈಮ್ ಮ್ಯಾನೇಜರ್."

"ಹಂಗಾದ್ರ ಸೋಮವಾರ ಎಷ್ಟು ಗಂಟೆಗೆ ಬರ್ಲಿ?"

ಹರಿಪ್ರಸಾದ ನಕ್ಕ. "ಅಯ್ಯೋ, ಬರೋದೇನೂ ಬೇಡ. ಲೆಟರ್‌ಗೆ ಅಷ್ಟೇ."

"ಕಾಗದದಾಗ ಇರೋ ಕೆಲಸ ಖರೇನ ಕೊಡ್ರಿ, ಅಣ್ಣಾರ. ಮಾಡಾಕ ನಾ ತಯಾರದೀನಿ."

"ಈಗ ವೇಕೆನ್ಸಿ ಇಲ್ವಲ್ಲಮ್ಮಾ..."

"ಕಾಗದದಾಗ ಐತಿ, ಅಂಗಡ್ಯಾಗ ಇಲ್ಲ. ಇದ್ಯಾವ ಸೀಮಿ ಕೆಲಸ್ರೀ?" ಎಂದು ಬಸವ್ವ ಹಿಟ್ಟಿನ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. "ನಾ ಕೆಲಸ ಕಳಕೊಂಡೀನಿ, ಕಳವು ಮಾಡಿಲ್ಲ. ಮುಚ್ಚಿಡೋದು ಏನೈತಿ?"

ಸಾಲಿನಲ್ಲಿ ನಿಂತಿದ್ದ ಇಬ್ಬರು ಹೆಂಗಸರು ಬೇಳೆ ಪೊಟ್ಟಣಗಳ ಮೇಲಿನ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ಅಲ್ಲಿಂದ ನೇರ ಅಣ್ಣನ ಮನೆಗೆ. ಕರಬಸಪ್ಪ ಫಾರ್ಮನ್ನು ಎಕ್ಸ್-ರೇ ಹಿಡಿದ ಹಾಗೆ ಬೆಳಕಿಗೆ ಹಿಡಿದು ಓದಿದ.

"ಇದು ಸಾದಾ ಸಹಿ ಅಲ್ಲ, ತಂಗೀ. ಕೋರ್ಟಿನಾಗ ನಿಲ್ಲೋ ಅಂಥಾದ್ದು. ಅಂವ ಇಲ್ಲಿ ಬಂದು ಕೈಕಟ್ಟಿ ಕುಂತ್ರ ನಾನ ಸಾಕಬೇಕು."

"ಅವ್ರು ಹತ್ತು ವರ್ಷದ ಹುಡುಗ ಇದ್ದಾಗಿಂದ ಮಗ್ಗದಾಗ ಕಾಲಿಟ್ಟು ಕುಂತಾರ. ಕೈಕಟ್ಟಿ ಕೂಡೋದು ಅವರಿಗೆ ಗೊತ್ತ ಇಲ್ಲ."

"ಇಲ್ಲಿ ಮಗ್ಗ ಎಲ್ಲೈತಿ? ಇಂಗ್ಲಿಷ್ ಎಲ್ಲೈತಿ?" ಕರಬಸಪ್ಪ ಕಾಗದ ಮಡಿಚಿದ. "ಉಡಿಕಿ ಮಾಡ್ಕೊಳ್ಳೋ ಮುಂದ ನನ್ನ ಒಂದು ಮಾತು ಕೇಳಿದ್ಯಾ? ಈಗ ಸಹಿಗೆ ಮಾತ್ರ ಅಣ್ಣ ನೆನಪಾದ. ನೀ ಒಬ್ಬಾಕಿನ ಇದ್ರ ನಮ್ಮ ಮನಿಗೆ ಬಂದುಬಿಡು. ನಿನ್ನ ಕೋಣಿ ಹಂಗ ಐತಿ."

"ಕೋಣಿ ಹಂಗ ಐತಿ, ಒಲಿನೂ ಹಂಗ ಐತಿ" ಎಂದಳು ಬಸವ್ವ.

ಗಂಗಾಂಬಿಕಾ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ಒಳಗೆ ಸರಿದಳು.

"ಅಣ್ಣಾ, ನನ್ನ ಕರಸೋ ಮುಂದ ನೀನೂ ಇಂಥಾದ್ದೊಂದು ಕಾಗದಕ್ಕ ಸಹಿ ಹಾಕಿದ್ದಿ. ಆ ಸಹಿಯಿಂದ ನಿನ್ನ ಮನ್ಯಾಗ ಏನು ಕಡಿಮಿ ಆತು, ಹೇಳು?"

ಕರಬಸಪ್ಪ ಮಡಿಚಿದ ಕಾಗದವನ್ನು ಅವಳ ಕಡೆ ಸರಿಸಿದ. ಪೇಜರ್ ಕೂಗಿತು, ಎದ್ದು ಹೋದ. ಪೇಜರ್ ಕೂಗದಿದ್ದರೂ ಎದ್ದು ಹೋಗುತ್ತಿದ್ದ ಎನ್ನುವುದು ಬೇರೆ ಮಾತು.

ಏಪ್ರಿಲ್ ಹಾಗೇ ಕಳೆಯಿತು. ಬಸವ್ವ ಕೆಲಸ ಕೇಳದ ಬಾಗಿಲಿಲ್ಲ. ಮೋಟೆಲಿನಲ್ಲಿ ಹಾಸಿಗೆ ಮಡಿಚುವವರು ಬೇಕು ಎಂದಿದ್ದರು. ಹೋಗುವಷ್ಟರಲ್ಲಿ ಬೇರೆಯವರು ಬಂದಿದ್ದರು. ಕಾಗದಗಳನ್ನು ಮರಳಿಸಲು ಜೂನ್ ಮುಗಿಯುವ ತನಕ ಮಾತ್ರ ಗಡುವು ಇಟ್ಟುಕೋ, ತಡ ಮಾಡಿದಷ್ಟೂ ಕಷ್ಟ ಎಂದು ವಕೀಲಮ್ಮ ಎಚ್ಚರಿಸಿದ್ದಳು.

ಮೇ ತಿಂಗಳಲ್ಲಿ ಸೌಮ್ಯಾಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮುತ್ತೈದೆಯರು ಖಣ ಕೊಟ್ಟು ಉಡಿ ತುಂಬುವ ಕಾರ್ಯ. ಸೌಮ್ಯಾ ಈಗ ಇಪ್ಪತ್ತಾರರ ಹೆಂಗಸು; ರಿಸರ್ಚ್ ಪಾರ್ಕಿನ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸ, ಗಂಡ ಸಿದ್ಧಲಿಂಗೇಶ ಅದೇ ಕಂಪನಿಯವನು. ಕರಬಸಪ್ಪನ ನಡುಮನೆಯ ಸೋಫಾಗಳನ್ನೆಲ್ಲ ಗ್ಯಾರೇಜಿಗೆ ಸಾಗಿಸಿ ಜಮಖಾನ ಹಾಸಿದ್ದರು. ಶೇಂಗಾ ಹೋಳಿಗೆಯ ಗೋಪುರ, ಎಣ್ಣೆಗಾಯಿ, ಕಡಬು. ಕಾರ್ಯದ ಮುಂದಾಳು ಗಂಗಾಂಬಿಕಾಳ ತಾಯಿ ಶಾಂತಾಬಾಯಿ. ಹೆರಿಗೆಗೆಂದು ಹುಬ್ಬಳ್ಳಿಯಿಂದ ಬಂದಾಕೆ, ಇಳಿದ ವಾರದೊಳಗೆ ಕ್ಯಾರಿಯ ಅರ್ಧ ಹೆಂಗಸರನ್ನು ಆಳತೊಡಗಿದ್ದಳು.

ಬಸವ್ವ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಎಂಬತ್ತು ರೊಟ್ಟಿ ಬಡಿದು ತಂದಿದ್ದಳು. ಕೈಯಲ್ಲಿ ಒಂದು ಖಣವಿತ್ತು. ಕಡು ಹಸಿರು, ಕೆಂಪು ಅಂಚು. ಕಲ್ಮೇಶ ಸೌಮ್ಯಾಳಿಗೆಂದೇ ನೇಯ್ದು ಅಂಚೆಯಲ್ಲಿ ಕಳಿಸಿದ್ದು.

"ಖಣ ಇಲ್ಲಿಡವ್ವಾ" ಎಂದಳು ಶಾಂತಾಬಾಯಿ, ತಟ್ಟೆ ಮುಂದೆ ತಳ್ಳಿ. "ಉಡಿ ತುಂಬೋದು ಮುತ್ತೈದೇರು ತುಂಬ್ತಾರ."

"ನಾನೂ ಮುತ್ತೈದಿನ ಅಲ್ಲೇನ್ರಿ?"

"ನೀ ಉಡಿಕ್ಯಾಕಿ. ಚೊಚ್ಚಲ ಬಸರಿ, ಸುಮ್ನ ಯಾಕ... ಹಿಂದ ನಿಂತು ನೋಡು. ರೊಟ್ಟಿ ಚೊಲೊ ಆಗ್ಯಾವ ಬಿಡು."

ಬಸವ್ವ ಖಣವನ್ನು ತಟ್ಟೆಯಲ್ಲಿಡಲಿಲ್ಲ. ಗೋಡೆಗೆ ಒರಗಿ ನಿಂತಳು.

ಉಡಿ ತುಂಬುವ ಮುಂಚೆ ಒಬ್ಬೊಬ್ಬರೂ ಒಡಪು ಹೇಳಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ, ಗಂಡನೂ ಹೆಂಡತಿಯ ಹೆಸರು ಹಿಡಿಯುವುದಿಲ್ಲ. ಇಂಥ ಕಾರ್ಯದಲ್ಲಿ ಮಾತ್ರ ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಜಾರಿಸಿ ಹೇಳಬಹುದು. ಗಂಗಾಂಬಿಕಾ ಹಳೆಯದೊಂದು ಹೇಳಿದಳು. ಒಬ್ಬ ಹುಡುಗಿ ಇಂಗ್ಲಿಷ್ ಬೆರೆಸಿ ಹೇಳಿ ನಗಿಸಿದಳು. ಸರದಿ ಗೋಡೆಯ ತನಕ ಬಂತು. ಶಾಂತಾಬಾಯಿ ಬಸವ್ವನನ್ನು ದಾಟಿ ಪಕ್ಕದವಳತ್ತ ಕೈ ಮಾಡಿದಳು.

"ತಡೀರಿ" ಎಂದಳು ಬಸವ್ವ. ಜಮಖಾನದ ನಡುವೆ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಮಿಲ್ಲಿನಲ್ಲಿ ಪಾಳಿ ಶುರುವಾಗುವಾಗ ಏಪ್ರನ್ ಬಿಗಿದ ಹಾಗೆ.

"ಹನ್ನೊಂದು ವರ್ಷ ಹೊಲದೀನಿ ಕಾಲಚೀಲದ ತುದಿ,
ಮಿಲ್ಲಿಗೆ ಬಿತ್ತು ಕೀಲಿ, ನನಗಿಲ್ಲ ಎದಿಗುದಿ;
ಸರಕಾರದ ಕಾಗದದಾಗ ಬರೀತೀನಿ ಕೆಲಸ ಇಲ್ಲಂತ,
ಕಲ್ಮೇಶರ ಹೆಸರ ಹೇಳ್ತೀನಿ, ಅವರು ನನ್ನವರಂತ!"

ಶಾಂತಾಬಾಯಿಯ ಬಾಯಿ ತುದಿ ಹೊಲಿಯದ ಚೀಲದ ಹಾಗೆ ತೆರೆದಿತ್ತು. ಬಸವ್ವ ಬಗ್ಗಿ, ಸೌಮ್ಯಾಳ ಸೆರಗು ಬಿಡಿಸಿ, ಖಣ, ತೆಂಗಿನಕಾಯಿ, ಐದು ಹಿಡಿ ಅಕ್ಕಿ ಹಾಕಿ ಉಡಿ ತುಂಬಿಯೇಬಿಟ್ಟಳು.

ಸೌಮ್ಯಾ ಎರಡೂ ಕೈಯಿಂದ ಉಡಿ ಹಿಡಿದುಕೊಂಡು ಕೇಳಿದಳು: "ಅತ್ತಿ, ವೇಟ್. ಕಾಗದ ಅಂದ್ರೆ ಏನು? ಅಂಕಲ್ ವೀಸಾನಾ? ನಂಗೆ ಯಾರೂ ಹೇಳಿಲ್ಲ."

"ಬಸರಿ ಹೆಣಮಗಳು, ನಿನಗ್ಯಾಕ ಅದೆಲ್ಲ" ಎಂದಳು ಗಂಗಾಂಬಿಕಾ.

"ಮಾಮ್, ಪ್ಲೀಸ್. ಅತ್ತಿ, ಹೇಳು."

ಬಸವ್ವ ಹೇಳಿದಳು. ನಾಲ್ಕೇ ಮಾತು.

"ನಾನು ಸಿಟಿಜನ್. ನಂಗೆ ಜಾಬ್ ಇದೆ. ನಾನು ಸೈನ್ ಮಾಡ್ತೀನಿ."

ಗಂಡಸರೆಲ್ಲ ಹೊರಗೆ ಡೆಕ್ಕಿನ ಮೇಲಿದ್ದರು. ಕರಬಸಪ್ಪ ಹೋಳಿಗೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ. "ಸೌಮ್ಯಾ, ಡೋಂಟ್ ಬಿ ಸಿಲ್ಲಿ. ಅದು ಲೀಗಲ್ ಕಾಂಟ್ರ್ಯಾಕ್ಟು. ನಿನಗೊಂದು ಕೂಸು ಬರೂದೈತಿ."

"ಡ್ಯಾಡಿ, ನಾನು ಚಿಕ್ಕೋಳಿದ್ದಾಗ ನೀವು ಎಲ್ಲಿದ್ರಿ? ಹಾಸ್ಪಿಟಲ್. ಮಾಮ್ ಎಲ್ಲಿದ್ರು? ಹಾಸ್ಪಿಟಲ್. ನಂಗೆ ಜ್ವರ ಬಂದ್ರೆ ಅತ್ತಿ ಇದ್ಲು." ಸೌಮ್ಯಾಳ ಕನ್ನಡ ಅಲ್ಲಿಗೆ ಮುಗಿಯಿತು; ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅದು ಶಾಂತಾಬಾಯಿಗೂ ಅರ್ಥವಾಯಿತು.

"ಸೌಮ್ಯಾ" ಎಂದಳು ಬಸವ್ವ, "ನಿನ್ನ ಗಂಡನ್ನ ಕೇಳು ಮೊದ್ಲ. ಅಂವ ಹೂಂ ಅನ್ನದ ನಾ ಒಲ್ಲೆ."

ಸಿದ್ಧಲಿಂಗೇಶ ಮಾವನ ಹೆಗಲ ಹಿಂದಿನಿಂದಲೇ ಕೂಗಿದ: "ಹೂಂ ಅಂದೆ, ಆಂಟಿ! ರೊಟ್ಟಿ ಇನ್ನೂ ಅದಾವೇನ್ರಿ?"

ಮುಂದಿನ ವಾರ ಬ್ಯಾಂಕಿನಲ್ಲಿ ನೋಟರಿಯ ಮುಂದೆ ಇಬ್ಬರೂ ಕೂತರು. ಫಾರ್ಮಿನಲ್ಲಿ ಉದ್ಯೋಗ ಎಂಬ ಜಾಗ ಬಂದಾಗ ಸೌಮ್ಯಾ ಪಿಸುಗುಟ್ಟಿದಳು: "ಅತ್ತಿ, ಹೋಮ್‌ಮೇಕರ್ ಅಂತ ಬರಿ. ಸೌಂಡ್ಸ್ ಬೆಟರ್."

"ಮನಿ ಮಾಡಾಕ ಅವರ ಇನ್ನೂ ಬಂದಿಲ್ಲಲ್ಲ" ಎನ್ನುತ್ತ ಬಸವ್ವ, ರಾತ್ರಿಶಾಲೆಯಲ್ಲಿ ಕಲಿತ ದುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ, ನಿರುದ್ಯೋಗಿ ಎಂದು ಬರೆದಳು. ನೋಟರಿ ಓದಿ, ಕಣ್ಣೆತ್ತಿ ನೋಡಿದಳು. ಬಸವ್ವ ನೋಟ ತಗ್ಗಿಸಲಿಲ್ಲ. ಮುದ್ರೆ ಬಿತ್ತು. ಮೊದಲು ಬಸವ್ವನ ಸಹಿಗೆ, ಆಮೇಲೆ ಸೌಮ್ಯಾಳ ಸಹಿಗೆ.

ಕಾಗದದ ಕೆಲಸ ಮುಗಿಯಿತು ಎಂದು ಕೂರುವಂತಿರಲಿಲ್ಲ. ಹೆದರಿಕೆ ಈಗ ಗುಳೇದಗುಡ್ಡದಲ್ಲಿತ್ತು. ಮದ್ರಾಸಿನ ಕಾನ್ಸುಲೇಟಿನಲ್ಲಿ ಕಲ್ಮೇಶನನ್ನು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಅವನ ಮಾತೂ ಇವಳ ಕಾಗದವೂ ಒಂದಕ್ಕೊಂದು ತಾಳೆಯಾಗಬೇಕು. ಭಾನುವಾರ ಅವನು ಎಸ್‌ಟಿಡಿ ಬೂತಿನಲ್ಲಿ ಕಾದು ಕೂತಿರುವಾಗ ಬಸವ್ವ ಫೋನ್ ಮಾಡಿ ಪಾಠ ಹೇಳುತ್ತಿದ್ದಳು.

"ನಿಮ್ಮ ಹೇಣ್ತಿ ಏನು ಕೆಲಸ ಮಾಡ್ತಾಳ ಅಂತ ಕೇಳಿದ್ರ?"

"ಮಿಲ್ಲಿನಾಗ ಸುಪ್ರವೈಜರ್ ಅಂತೀನಿ."

"ಯಾಕ್ರೀ! ಕೆಲಸ ಇಲ್ಲ ಅನ್ರಿ."

"ಅದೆಂಗ ಅನ್ಲಿ? ಇಲ್ಲಿ ಓಣ್ಯಾಗ ಎಲ್ಲಾರೂ, ನಿನ್ನ ಹೇಣ್ತಿ ಅಮೆರಿಕಾದಾಗ ಸಾಹೇಬಿಣಿ ಅಂತಾರ. ಸಾಹೇಬರ ಮುಂದ ನಿಂತು ನನ್ನ ಹೇಣ್ತಿ ಖಾಲಿ ಕುಂತಾಳ ಅಂದ್ರ, ನಿನ್ನ ಮರ್ಯಾದಿ..."

"ನನ್ನ ಮರ್ಯಾದಿ ನಾ ನೋಡ್ಕೋತೀನಿ. ನೀವು ಖರೇ ಹೇಳ್ರಿ. ಸುಳ್ಳು ಹೇಳಿದ್ರ ವೀಸಾ ಹೋಗ್ತೈತಿ. ಅದು ಬಿಡ್ರಿ, ಹೇಣ್ತಿ ಹೆಸರು ಕೇಳಿದ್ರ ಏನಂತೀರಿ?"

"ನಮ್ಮ ಮನ್ಯಾಕಿ."

"ಅದು ಹೆಸರೇನ್ರಿ! ಹೇಣ್ತಿ ಹೆಸರ ಗೊತ್ತಿಲ್ಲ, ಮದುವಿ ಸುಳ್ಳು ಅಂತ ಬರದುಬಿಡ್ತಾರ. ನಮ್ಮದು ಉಡಿಕಿ, ತೋರ್ಸಾಕ ಬಾಜಾ ಬಾಸಿಂಗದ ಫೋಟೋನೂ ಇಲ್ಲ. ಹೇಳ್ರಿ ಈಗ, ಬಸವ್ವ ಅನ್ರಿ."

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಮತ್ತೆ ಗಂಟಲು. "ಬೂತಿನ ಹುಡುಗಿ ನಗಾಕತ್ತಾಳ. ಮುಂದಿನ ಆಯ್ತವಾರ ಅಂತೀನಿ."

ಮುಂದಿನ ಆಯ್ತವಾರವೂ ಅನ್ನಲಿಲ್ಲ. ಆಗಸ್ಟಿನಲ್ಲಿ ಸೌಮ್ಯಾಗೆ ಮಗಳು ಹುಟ್ಟಿದಳು, ಆಗಲೂ ಅಂದಿರಲಿಲ್ಲ. ಸೆಪ್ಟೆಂಬರ್ ಹದಿನೈದಕ್ಕೆ ಮದ್ರಾಸಿನಲ್ಲಿ ಸಂದರ್ಶನ. ಅವತ್ತು ಬಸವ್ವ ಸೌಮ್ಯಾಳ ಮನೆಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಫೋನು ಕೂಗಿತು. ಎಣ್ಣೆ ಕೈಯಲ್ಲೇ ಎತ್ತಿದಳು.

"ಏನಾತ್ರಿ?"

"ತಡಿ, ಮೊದ್ಲಿಂದ ಹೇಳ್ತೀನಿ" ಎಂದ ಕಲ್ಮೇಶ. ಅವನ ಧ್ವನಿಯಿಂದ ಏನೂ ತಿಳಿಯಲಿಲ್ಲ. "ಕಿಡಕಿ ಆಚೆ ಸಾಹೇಬ ಕುಂತಿದ್ದ. ಬಾಜೂಕ ಕನ್ನಡ ಬಲ್ಲಾಂವ ಒಬ್ಬ. ಹೇಣ್ತಿ ಹೆಸರೇನಂದ. ನಾ ಸುಮ್ನ ನಿಂತೆ."

"ಅಯ್ಯೋ ಸುಮ್ನ ನಿಂತ್ರಾ!"

"ಬಾಯಿ ಏಳಲಿಲ್ಲ ಮಾರಾಯ್ತಿ. ಸಾಹೇಬ ಪೆನ್ ತಗದ, ಏನೋ ಬರಿಯಾಕ ಹತ್ತಿದ. ನೀ ಹೇಳಿದ್ದು ನೆನಪಾತು, ಸುಳ್ಳು ಮದುವಿ ಅಂತ ಬರೀತಾರ ಅಂದಿದ್ದಿ. ಕೈಮುಗದು ಅಂದೆ,

ದೊಡ್ಡ ಊರು ಮದ್ರಾಸು, ಮುಂದ ಕುಂತಾರ ಸಾಹೇಬ,
ಬಸವ್ವ ನನ್ನ ಹೇಣ್ತಿ, ಇದ ನನ್ನ ಜವಾಬ!"

ಬಸವ್ವನ ಕೈಯಿಂದ ಫೋನು ಜಾರಿತು. ಎಣ್ಣೆ ಕೈ. ಮತ್ತೆ ಎತ್ತಿ ಹಿಡಿಯುವಷ್ಟರಲ್ಲಿ ಆತ ಮುಂದೆ ಹೋಗಿದ್ದ.

"...ಕನ್ನಡದಾಂವ ಬಿದ್ದು ಬಿದ್ದು ನಕ್ಕ. ಸಾಹೇಬಗ ಏನೇನೋ ತಿಳಿಸಿ ಹೇಳಿದ. ನಮ್ಮ ಕಡೆ ಹೆಸರ ಹೇಳೋ ಪದ್ಧತಿ ಹಿಂಗ ಅಂತ ಇರಬೇಕು. ಸಾಹೇಬ ಪೆನ್ ಕೆಳಗಿಟ್ಟ. ಆಮ್ಯಾಲೆ ಕೇಳಿದ, ಹೇಣ್ತಿ ಏನು ಕೆಲಸ ಮಾಡ್ತಾಳ?"

ಬಸವ್ವ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಕೆಲಸ ಇಲ್ಲ ಅಂದೆ. ಹಂಗಾದ್ರ ಮುಂದ ಹೆಂಗ ಅಂದ. ನಾ ಅಂದೆ, ಮಿಲ್ಲು ಮುಚ್ಚೇತ್ರಿ ಸಾಹೇಬ್ರ, ಆಕಿ ಕೈ ಮುಚ್ಚಿಲ್ಲ. ನನ್ನವೂ ಎರಡು ಕೈ ಅದಾವು. ಅಷ್ಟ ಅಂದೆ. ನಿನ್ನ ಸೊಸಿ ಕಾಗದ ತಿರುವಿ ತಿರುವಿ ನೋಡಿದ, ವಾರ ಬಿಟ್ಟು ಪಾಸ್‌ಪೋರ್ಟ್ ತಗೊಂಡ ಹೋಗಾಕ ಬಾ ಅಂದ."

"ಇದನ್ನ ಮೊದ್ಲ ಹೇಳಾಕ ಏನಾಗಿತ್ತು ನಿಮಗ!" ಎಂದು ಬಸವ್ವ ಬೈಯತೊಡಗಿದಳು. ಬೈಯುತ್ತ ಬೈಯುತ್ತ ಕೂಸಿನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅಕ್ಟೋಬರಿನ ಕೊನೆಯಲ್ಲಿ ರಾಲಿ ವಿಮಾನ ನಿಲ್ದಾಣಕ್ಕೆ ಸೌಮ್ಯಾಳ ಕಾರಿನಲ್ಲಿ ಹೋದರು. ಕರಬಸಪ್ಪ ಬರಲಿಲ್ಲ, ಆಪರೇಷನ್ ಇದೆ ಎಂದಿದ್ದ. ಇರಲಿ, ಇದ್ದೀತು. ಶಾಂತಾಬಾಯಿ ಮಾತ್ರ ಮರಿಮೊಮ್ಮಗಳನ್ನು ಎತ್ತಿಕೊಳ್ಳುವ ನೆಪದಲ್ಲಿ ಕಾರಿನ ಹಿಂದಿನ ಸೀಟು ಹಿಡಿದಿದ್ದಳು. ಬಸವ್ವನಿಗೆ ಆಗಲೂ ಕೆಲಸವಿರಲಿಲ್ಲ. ಡ್ರೈ ಕ್ಲೀನರ್ ಅಂಗಡಿಯವಳೊಬ್ಬಳು ಪ್ಯಾಂಟಿನ ಅಂಚು ಹೊಲಿದು ತೋರಿಸು, ನೋಡೋಣ ಎಂದಿದ್ದಳು, ಅಷ್ಟೇ.

ಗೇಟಿನಿಂದ ಜನ ಬಂದರು. ಕೊಟ್ಟಕೊನೆಗೆ ಬಿಳಿ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಬಟ್ಟೆಯ ಗಂಟು ಹಿಡಿದ ಕಲ್ಮೇಶ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಇವರನ್ನು ನೋಡದೆ ಮುಂದಿನ ಗುಂಪಿನ ಬೆನ್ನು ಹತ್ತಿ ದೂರದ ಬೇರೆ ಗೇಟಿನ ಕಡೆ ದಾಪುಗಾಲು ಹಾಕಿದ. ಬಸವ್ವ, "ಏನ್ರೀ! ಏನ್ರೀ!" ಎಂದು ಕೂಗಿದಳು. ಆ ಗದ್ದಲದಲ್ಲಿ ಯಾರ ಏನ್ರೀ ಯಾರಿಗೆ ಕೇಳಬೇಕು? ಆತ ತಿರುವಿನ ಹತ್ತಿರ ಹೋಗಿಬಿಟ್ಟ.

"ಕಲ್ಮೇಶ!"

ಮಿಲ್ಲಿನ ಯಂತ್ರಗಳ ಸದ್ದನ್ನು ಮೀರಿ ಕೂಗಿ ಹನ್ನೊಂದು ವರ್ಷ ಪಳಗಿದ ಗಂಟಲು ಅದು. ಕಾಫಿ ಅಂಗಡಿಯವನು ತಿರುಗಿದ. ಪೈಲಟ್ ಒಬ್ಬ ತಿರುಗಿದ. ಶಾಂತಾಬಾಯಿ ಕೂಸಿನ ಕಿವಿ ಮುಚ್ಚಿದಳು. ಕಲ್ಮೇಶನೂ ತಿರುಗಿದ, ನಿಂತ, ಗಂಟನ್ನು ಎದೆಗೆ ಅವುಚಿಕೊಂಡು ಓಡುನಡಿಗೆಯಲ್ಲಿ ಬಂದ.

"ಏ, ನಾಲ್ಕ ಮಂದ್ಯಾಗ ಹೆಸರ ಹಿಡದು ಕರದಿ?"

"ಹೌದು, ಕರದೆ" ಎಂದಳು ಬಸವ್ವ, ಅವನ ಕೈಯಿಂದ ಗಂಟು ತೆಗೆದುಕೊಳ್ಳುತ್ತ. "ಒಡಪು ಕಟ್ಟಾಕ ಹೊತ್ತಿರ್ಲಿಲ್ಲ. ನಡೀರಿ."